ತಗ್ಗಿನ ಮರಗಳು

ತುಮಕೂರು
18 ಆಗಸ್ಟ್ 2024

ಚಿ. ಇಂಪನಾಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ಎಡಗಣ್ಣಿಗೆ ಪೊರೆ ಆಪರೇಷನ್ ಆಯಿತು. ಓದುವುದು ಬರೆಯುವುದು ಬೇಡ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ನಾನು ಹೇಳಿದ್ದನ್ನು ನಿನ್ನ ಮಾವ ಬರೆದುಕೊಡುತ್ತೇನೆ ಎಂದರು. ಎರಡು ಸಾಲು ಬರೆಸಿ ನೋಡಿದೆ. ಹಿರೇಹಳ್ಳಿ ವರ್ಕ್‌ಶಾಪಿನಲ್ಲಿ ಮೆಷಿನ್ ಕೆಟ್ಟಾಗ ಬರೆಯುತ್ತಿದ್ದ ರಿಪೋರ್ಟಿನ ಹಾಗಿತ್ತು, ಬೇಡ ಎಂದೆ. ಫೋನಿನ ಕತೆ ನಿನಗೇ ಗೊತ್ತು. ಆ ಅರುಣಾಚಲದ ಕ್ಯಾಂಪಿನಿಂದ ನೀನು ಗುಡ್ಡ ಹತ್ತಿ ಬಂದು ಮಾಡಿದರೂ "ಊಟ ಆಯ್ತಾ" ಅನ್ನುವಷ್ಟರಲ್ಲಿ ಕಟ್ಟಾಗುತ್ತದೆ. ಕಾಗದವೇ ವಾಸಿ.

ನಾವಿಬ್ಬರೂ ಚೆನ್ನಾಗಿದ್ದೇವೆ. ಹೋದ ವರ್ಷದ ಬರ ನೋಡಿದ ಮೇಲೆ ಈ ವರ್ಷದ ಮಳೆ ನೋಡಿದರೆ ಇದು ಅದೇ ಊರಾ ಅನ್ನಿಸುತ್ತದೆ. ಮಾರ್ಕೋನಹಳ್ಳಿ ಕಾಲುವೆಗೆ ನೀರು ಬಿಟ್ಟಿದ್ದಾರೆ. ಕುಣಿಗಲ್ ಕಡೆ ನಮ್ಮ ಹೊಲಕ್ಕೆ ಹೋದ ಭಾನುವಾರ ಹೋಗಿದ್ದೆವು. ಜನವರಿಯಲ್ಲಿ ನನ್ನ ಮಗನನ್ನು, ನಿನ್ನ ಅಶ್ವಥ್‌ನನ್ನು, ಅಲ್ಲಿ ಮಣ್ಣು ಮಾಡಿದಾಗ ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಹಾರೆ ಹಾಕಿದರೆ ಕೈಯೇ ನಡುಗುತ್ತಿತ್ತು ಎಂದು ಅಗೆದವರು ಹೇಳಿದ್ದರು. ಈಗ ಸಮಾಧಿಯ ಸುತ್ತ ರಾಗಿ ಮೊಣಕಾಲುದ್ದ ಬಂದಿದೆ. ನಿನ್ನ ಮಾವ ಬದುವಿನ ಮೇಲೆ ಕೂತು ಕಳೆ ಕಿತ್ತರು.

ಇನ್ನು ಕಾವಲಿನ ವಿಷಯ. ಅಶ್ವಥ್ ಗುಬ್ಬಿಯಾಚೆ ಹುತ್ತದಮ್ಮನ ಕಾವಲಿನಲ್ಲಿ, ಆ ಗುಡಿಯ ಕಾಡಿನಲ್ಲಿ, ಮರಗಳಿಗೆ ಸುತ್ತಿದ್ದ ಅಳತೆಯ ಸ್ಟೀಲ್ ಪಟ್ಟಿಗಳನ್ನು ಇನ್ನು ಯಾರು ನೋಡುತ್ತಾರೆ, ಐದಾರು ವರ್ಷದ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ ಎಂದು ಫೆಬ್ರವರಿಯಲ್ಲಿ ನೀನು ಅತ್ತಿದ್ದೆಯಲ್ಲ. ಆಮೇಲೆ ಯೋಚನೆ ಮಾಡಿದೆ. ಜನ್ಮವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಮರದ ಸುತ್ತಳತೆ ಓದಲು ಬಾರದೇ? ಮಾರ್ಚಿಯಿಂದ ಪ್ರತಿ ತಿಂಗಳೂ ಹೋಗುತ್ತಿದ್ದೇನೆ. ನಿನ್ನ ಮಾವ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಗುಡಿಯ ಕಟ್ಟೆ ಮೇಲೆ ಪೇಪರ್ ಓದುತ್ತಾ ಕೂರುತ್ತಾರೆ. ಕಾವಲು ಕಾಯುವ ಅಡವಿಯಪ್ಪ ತನ್ನ ಆಡುಗಳನ್ನು ಮೇಯಲು ಬಿಟ್ಟು ನನ್ನ ಜೊತೆ ಬರುತ್ತಾನೆ. ಪಟ್ಟಿಯ ಮೇಲೆ ಕೂತ ಹುಳ, ಜೇಡನ ಬಲೆ ಎಲ್ಲ ಅವನೇ ಒರೆಸಿಕೊಡುತ್ತಾನೆ.

ನೀನು ಆ ಜಾಗ ಒಂದೇ ಸಲ ನೋಡಿರುವುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೇಲಿನ ಇಳಿಜಾರೆಲ್ಲ ಕಲ್ಲು. ಅಲ್ಲಿರುವುದು ಜಾಲಾರಿ, ದಿಂಡಿಗ. ಒಂದೂ ಅಂಥ ದೊಡ್ಡ ಮರವಲ್ಲ. ಕೆಳಗೆ ಹಳ್ಳ ಹರಿಯುವ ತಗ್ಗಿನಲ್ಲಿ ಹೊಳೆಮತ್ತಿ, ನೇರಳೆ. ಅವು ನಮ್ಮಜ್ಜನ ಕಾಲದವು, ಇಬ್ಬರು ಕೈ ಹಿಡಿದರೂ ತಬ್ಬಲಾಗುವುದಿಲ್ಲ. ಹೋದ ವರ್ಷ ಮಳೆ ಕೈಕೊಟ್ಟಾಗ ಮೇಲಿನ ಮರಗಳು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತವು. ತಗ್ಗಿನವು ಮಾತ್ರ ಹಸಿರಾಗಿಯೇ ಇದ್ದವು. ಹುತ್ತದಮ್ಮನ ಮಹಿಮೆ ಎಂದು ಊರವರು ಕೈಮುಗಿದರು. ಅಶ್ವಥ್ ಮನೆಗೆ ಬಂದು ಊಟಕ್ಕೆ ಕೂತಾಗ, "ಅಮ್ಮ, ಒಣಗಿರೋವು ಬದುಕ್ತವೆ. ನಂಗೆ ಭಯ ಇರೋದು ಹಸಿರಾಗಿರೋ ಮರಗಳದ್ದೇ" ಎಂದಿದ್ದ. ಆಗ ನಾನು ಅನ್ನ ಬಡಿಸುವ ಗಡಿಬಿಡಿಯಲ್ಲಿದ್ದೆ. ಯಾಕೋ ಎಂದು ಕೇಳಲೂ ಇಲ್ಲ.

ಅವನು ಹೇಳಿದ ಹಾಗೇ ಆಗುತ್ತಿದೆ. ಮೇ ತಿಂಗಳ ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆಲ್ಲ ಮೇಲಿನ ಇಳಿಜಾರು ಚಿಗುರಿತು. ಪಟ್ಟಿಗಳು ಬಿಗಿಯಾಗಿವೆ ಅಂದರೆ ಕಾಂಡ ದಪ್ಪಗಾಗುತ್ತಿದೆ. ತಗ್ಗಿನ ಮರಗಳು ಈಗ, ಇಷ್ಟು ಮಳೆಯಲ್ಲಿ, ತುದಿಯಿಂದ ಒಣಗುತ್ತಾ ಬರುತ್ತಿವೆ. ನೆತ್ತಿಯ ಕೊಂಬೆಗಳೆಲ್ಲ ಎಲೆಯಿಲ್ಲದೆ ಬರಲಾಗಿವೆ. ಪಟ್ಟಿ ಸಡಿಲವಾಗಿ ಕೆಳಗೆ ಜಾರಿದೆ. ಅಡವಿಯಪ್ಪನಿಗೆ ಇದು ಅರ್ಥವೇ ಆಗುತ್ತಿಲ್ಲ. "ಬರದಾಗೆ ನಿಂತ್ಕಂಡವು ಮಳೆ ಬಂದ್ಮ್ಯಾಲೆ ಯಾಕ್ ಸಾಯ್ತವೆ ಅಮ್ಮಾರೆ?" ಎಂದು ಕೇಳಿದ. ಹುಳ ಬಿದ್ದಿರಬೇಕು ಎಂದು ತೊಗಟೆ ಎಬ್ಬಿಸಿ ನೋಡಿದ. ಹುಳವೇನೂ ಇರಲಿಲ್ಲ.

ಈಗ ಗುಡಿ ಟ್ರಸ್ಟಿನ ಅಧ್ಯಕ್ಷ ಅನಂತರಾಜು, ಆ ಕಾವಲು ಟ್ರಸ್ಟಿಗೇ ಸೇರಿದ್ದಲ್ಲವೇ, ತಗ್ಗಿನಲ್ಲಿ ಬೋರ್‌ವೆಲ್ ಕೊರೆಸಿ ಮರಗಳಿಗೆ ನೀರು ಬಿಡಿಸುತ್ತೇನೆ ಎಂದು ಹೊರಟಿದ್ದಾರೆ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಾರೆ. ಆದರೆ ಇದು ಸರಿಯಾ ತಪ್ಪಾ ಹೇಳಲು ನನಗೆ ಗೊತ್ತಾಗುತ್ತಿಲ್ಲ. ನೀನೂ ಕಾಡಿನ ಮರಗಳನ್ನೇ ಓದಿದವಳು, ಬೇಗ ಬರೆ. ನನಗೆ ಅರ್ಥವಾಗುವ ಹಾಗೆ ಬರೆ, ನಾನು ಅವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ.

ಚಳಿಗೆ ಸ್ವೆಟರ್ ಹಾಕಿಕೋ. ಊಟ ಬಿಡಬೇಡ.

ನಿನ್ನ ಅತ್ತೆ,
ಕರಿಬಸಮ್ಮ

*

ತುಮಕೂರು
8 ಡಿಸೆಂಬರ್ 2024

ಚಿ. ಇಂಪನಾಗೆ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಕಣ್ಣಿನ ಕಾರಣಕ್ಕಲ್ಲ, ಪಾಠ ಚೆನ್ನಾಗಿತ್ತು. ಕ್ಲಾಸಿನಲ್ಲಿ ಹೇಳುವ ಹಾಗೆ ನಾಲ್ಕು ಮಾತಿನಲ್ಲಿ ಇಟ್ಟುಕೊಂಡೆ. ಮೇಲಿನ ಮರಗಳ ಬೇರು ಇರುವುದು ಮೇಲ್ಮಣ್ಣಿನಲ್ಲಿ ಮತ್ತು ಕಲ್ಲಿನ ಸಂದಿಯಲ್ಲಿ. ಅವು ಪ್ರತಿ ಬೇಸಿಗೆಯೂ ಒಣಗುವುದನ್ನು ಕಂಡಂಥವು, ಎಲೆ ಕಳೆದುಕೊಂಡು ಕಾಯುವುದು ಅವಕ್ಕೆ ರೂಢಿ. ಮೊದಲ ಮಳೆಯ ನೀರೇ ಅವುಗಳ ಬಾಯಿಗೆ ಸಿಗುತ್ತದೆ. ತಗ್ಗಿನ ಮರಗಳು ಹುಟ್ಟಿದಾಗಿನಿಂದ ಅಂತರ್ಜಲದಲ್ಲಿ ಬೇರು ಇಟ್ಟುಕೊಂಡು ಬೆಳೆದವು. ಕೊರತೆ ಅಂದರೆ ಏನೆಂದು ಗೊತ್ತಿಲ್ಲ. ಬರದ ವರ್ಷ ಅಲ್ಲಿ ಉಳಿದಿದ್ದ ನೀರನ್ನು ಕುಡಿದು ಹಸಿರಾಗಿದ್ದವು. ಅದೇ ವರ್ಷ ಸುತ್ತಲಿನ ಬೋರುಗಳೂ ಅದೇ ನೀರನ್ನು ಎಳೆದವು. ಈಗ ಮಳೆ ಬಂದರೂ ಅದು ಅಷ್ಟು ಆಳಕ್ಕೆ ಇಳಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಮರ ತಡೆಯುವುದಿಲ್ಲ.

ಇಷ್ಟನ್ನು ಟ್ರಸ್ಟಿನ ಮೀಟಿಂಗಿನಲ್ಲಿ ಹೇಳಿದೆ. ಅಶ್ವಥ್‌ನ ಗೆಳೆಯ ಲಕ್ಷ್ಮೀಕಾಂತ್ ಬಂದಿದ್ದ, ಭೂವಿಜ್ಞಾನ ಓದಿದವನು, ನಿಮ್ಮ ಮದುವೆಯಲ್ಲಿ ಬಡಿಸಲು ನಿಂತಿದ್ದನಲ್ಲ, ಅವನೇ. ಗುಡಿಯ ಹಿಂದೆ ಕೈಬಿಟ್ಟ ಹಳೆಯ ಬೋರಿಗೆ ಅಳತೆಯ ಟೇಪು ಇಳಿಬಿಟ್ಟು ತೋರಿಸಿದ. ಟೇಪು ಪೂರ್ತಿ ಮುಗಿಯಿತು, ತುದಿ ಒಣಗಿದ್ದೇ ಮೇಲೆ ಬಂತು. ಎಲ್ಲರೂ ಮುಟ್ಟಿ ನೋಡಿದರು.

ಆದರೂ ಅನಂತರಾಜು ಒಪ್ಪಲಿಲ್ಲ. ಅವರು ಕೇಳಿದ್ದರಲ್ಲೂ ನ್ಯಾಯವಿತ್ತು. "ಮೇಡಂ, ಕಣ್ಮುಂದೆ ಮರ ಸಾಯ್ತಾ ಇದ್ರೆ ನೀರ್ ಬುಡ್ದೆ ನೋಡ್ಕಂಡ್ ಕೂತ್ಕಳಕಾಗುತ್ತಾ? ನಾಳೆ ಊರೋರು ನನ್ನ ಏನಂತಾರೆ?"

"ಆ ನೀರು ಎಲ್ಲಿಂದ ತರ್ತೀರಾ ಅನಂತರಾಜು? ಅದೇ ಮರದ ಬೇರಿನ ಕೆಳಗಿಂದ ತಾನೆ" ಎಂದೆ.

ಅದಕ್ಕೆ ಯಾರೋ ಹಿಂದಿನಿಂದ, ಸುತ್ತಲ ತೆಂಗಿನ ತೋಟಕ್ಕೆಲ್ಲ ನೀರು ಎಲ್ಲಿಂದ ಬರುತ್ತಿದೆ ಎಂದು ಗೊಣಗಿದರು. ಅನಂತರಾಜು ಅವರ ಮುಖ ಕೆಂಪಾಯಿತು. ಕಾವಲಿಗೆ ಅಂಟಿಕೊಂಡಿರುವುದು ಅವರದೇ ತೋಟ. ಅಲ್ಲಿಗೆ ಮಾತು ಕೆಟ್ಟಿತು. ಕೈಯೆತ್ತಿಸಿ ತೀರ್ಮಾನ ಮಾಡಿದರು, ಬೋರು ಕೊರೆಸುವುದೇ ಸರಿ ಎಂದಾಯಿತು. ನನ್ನ ಪರವಾಗಿ ಎತ್ತಿದ ಕೈಗಳು ಕಮ್ಮಿ. ಟ್ರಸ್ಟಿನವರಲ್ಲದಿದ್ದರೂ ನಿನ್ನ ಮಾವನೂ ಒಂದು ಕೈ ಎತ್ತಿದರು, ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ನವೆಂಬರ್ ಕೊನೆಯ ವಾರ ಬೋರ್ ಲಾರಿ ಬಂತು. ನಾನು ಹೋಗಬಾರದು ಅಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ಲಾರಿ ಒಳಗೆ ಬರಲು ಹೊಂಗೆ ಗಿಡಗಳನ್ನು ಸವರಿ ದಾರಿ ಮಾಡಿದ್ದರು. ತೆಂಗಿನಕಾಯಿ ಒಡೆದು ಪೂಜೆ ಮಾಡಿ ಶುರು ಮಾಡಿದರು. ಆ ಸದ್ದಿಗೆ ಅಡವಿಯಪ್ಪನ ಆಡುಗಳೆಲ್ಲ ಗುಡ್ಡದ ಮೇಲಕ್ಕೆ ಓಡಿದವು. ಮೊದಲು ಕೆಂಪು ಮಣ್ಣು ಬಂತು, ಆಮೇಲೆ ಬೂದಿ ಬಣ್ಣದ ಕಲ್ಲಿನ ಪುಡಿ. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಪುಡಿ ಸ್ವಲ್ಪ ಒದ್ದೆಯಾಗಿ ಬಂತು. ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ, ನಿನಗೆ ಸುಳ್ಳು ಹೇಳುವುದಿಲ್ಲ, ನೀರು ಬಂದುಬಿಡಲಿ ಎಂದು ಆ ಒಂದು ಗಳಿಗೆ ನನಗೂ ಆಸೆಯಾಯಿತು. ಆಮೇಲೆ ಮತ್ತೆ ಒಣ ಪುಡಿ. ಪೈಪಿನ ಮೇಲೆ ಪೈಪು ಇಳಿಸುತ್ತಾ ಹೋದರು. ಸಾವಿರ ಅಡಿ ದಾಟಿತು. ಹೊಳೆಮತ್ತಿಯ ಉಳಿದ ಎಲೆ, ನೇರಳೆ ಮರ, ಗುಡಿಯ ಹೆಂಚು, ನಮ್ಮ ತಲೆ ಎಲ್ಲ ಬೆಳ್ಳಗಾದವು. ಇನ್ನು ಉಪಯೋಗವಿಲ್ಲ ಎಂದು ಲಾರಿಯವರು ಇಂಜಿನ್ ನಿಲ್ಲಿಸಿದರು.

ಅಷ್ಟು ಸದ್ದಿನ ಮೇಲೆ ಆ ನಿಶ್ಶಬ್ದ ಕಿವಿಗೆ ಹೊಡೆದಂತಾಯಿತು. ಅನಂತರಾಜು ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತರು. ಮರಗಳನ್ನು ನೋಡುತ್ತಾ, "ಹಂಗಾರೆ ಏನೂ ಇಲ್ಲ ಮೇಡಂ ಕೆಳಗೆ" ಎಂದರು. ಪ್ರಶ್ನೆ ಅಲ್ಲ ಅದು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇಬ್ಬರೂ ಒಂದೇ ಮಣ್ಣಿನಲ್ಲಿ ಮುಳುಗಿ ಎದ್ದವರ ಹಾಗಿದ್ದೆವು.

ಲಕ್ಷ್ಮೀಕಾಂತ್ ಹೇಳುವುದು ಒಂದೇ. ಹಳ್ಳಕ್ಕೆ ಅಡ್ಡವಾಗಿ ಹಳೆಯ ಕಟ್ಟೆಯೊಂದಿದೆ, ಹೂಳು ತುಂಬಿ ಗದ್ದೆಯ ಹಾಗಾಗಿದೆ. ಅದರ ಹೂಳೆತ್ತಿದರೆ ಮಳೆ ನೀರು ನಿಂತು ನಿಧಾನವಾಗಿ ಇಂಗುತ್ತದೆ. ಈ ಮರಗಳಿಗೆ ಸಿಗದಿದ್ದರೂ ಮುಂದಿನವಕ್ಕೆ ಸಿಗುತ್ತದೆ. ಅನಂತರಾಜು ಬೇಸಿಗೆಯಲ್ಲಿ ನೋಡೋಣ ಎಂದಿದ್ದಾರೆ.

ಈ ತಿಂಗಳ ಅಳತೆಗಳು ಇದರ ಜೊತೆ ಇವೆ. ತಗ್ಗಿನ ಮರಗಳ ಅಂಕಿ ಓದುವಾಗ ಒಬ್ಬಳೇ ಕೂತು ಓದಬೇಡ. ಅಲ್ಲಿ ನಿನ್ನ ಜೊತೆ ಇರುವವರ ಹತ್ತಿರ ಕೂತು ಓದು.

ಇತಿ,
ನಿನ್ನ ಅತ್ತೆ

*

ತುಮಕೂರು
1 ಜೂನ್ 2025

ಚಿ. ಸೌ. ಇಂಪನಾಗೆ ತುಂಬು ಮನಸ್ಸಿನ ಆಶೀರ್ವಾದಗಳು.

ಸೌ. ಎಂದು ಬರೆದಿರುವುದನ್ನು ನೋಡಿ ಅತ್ತೆ ಮರೆತು ಬರೆದಳು ಅಂದುಕೊಳ್ಳಬೇಡ. ನೋಡಿಯೇ ಬರೆದಿದ್ದೇನೆ.

ನೀನು ಏಪ್ರಿಲ್‌ನಲ್ಲಿ ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ನಿನ್ನನ್ನು ಹಿಂಸೆಗೆ ದೂಡಿದೆ, ಗೊತ್ತು. ಕೋಪವಿರಲಿಲ್ಲ. ಪೆನ್ನು ತಗೊಂಡಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಬಸವರಾಜ್ ಬಗ್ಗೆ ನೀನು ಬರೆದದ್ದನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ಆ ಹುಡುಗ ಕ್ಯಾಂಪಿನಲ್ಲಿ ನಿನಗೆ ಮಲೇರಿಯಾ ಬಂದಾಗ ನೋಡಿಕೊಂಡದ್ದು, ನಮ್ಮನ್ನು ಕೇಳದೆ ಮುಂದೆ ಹೋಗಬಾರದು ಎಂದು ಅವನೇ ನಿನಗೆ ಹೇಳಿದ್ದು, ಎಲ್ಲ. ಅವರು ಟಿವಿ ಆರಿಸಿದರು. "ಮದುವೆ ಎಲ್ಲಂತೆ ಕೇಳು. ದೂರ ಆದ್ರೆ ಈಗ್ಲೇ ಟಿಕೆಟ್ ಮಾಡಿಸ್ಬೇಕು" ಎಂದರು. ಅದೇ ಅವರ ಒಪ್ಪಿಗೆ ಎಂದು ತಿಳಿದುಕೋ. ನನ್ನದು ಬೇರೆ ಹೇಳಬೇಕೇನಮ್ಮ? ನಿನಗಿನ್ನೂ ಮೂವತ್ತೂ ತುಂಬಿಲ್ಲ. ನಾನು ಮಗ್ಗುಲಲ್ಲಿ ಕೂತು ಅಕ್ಷತೆ ಹಾಕುತ್ತೇನೆ. ನಿಮ್ಮಮ್ಮ ಏನಂದುಕೊಳ್ಳುತ್ತಾರೋ ಎಂಬ ಯೋಚನೆ ಬೇಡ, ಅವರ ಹತ್ತಿರ ನಾನು ಮಾತಾಡಿದ್ದೇನೆ. ಇಬ್ಬರೂ ಅತ್ತೆವು, ಆಮೇಲೆ ಸೀರೆ ಯಾವ ಬಣ್ಣದ್ದು ಎಂಬ ಮಾತಿಗೆ ಬಂದೆವು.

ಈ ಮರಗಳ ಬಗ್ಗೆ ನೀನು ಬರೆಯುತ್ತಿರುವ ಲೇಖನದಲ್ಲಿ ಅಶ್ವಥ್ ಹೆಸರು ಮೊದಲು ಬರುತ್ತದೆ ಎಂದದ್ದು ಸಂತೋಷ. ಹೆಸರಿನ ಪಕ್ಕ ಚಿಕ್ಕ ಗುರುತು ಹಾಕಿ, ಲೇಖಕರು ಈಗಿಲ್ಲ ಎಂದು ಪುಟದ ಕೆಳಗೆ ಬರೆಯಬೇಕಾಗುತ್ತದೆ, ಹಾಕಲೋ ಬೇಡವೋ ಎಂದು ಕೇಳಿದ್ದೀಯ. ಹಾಕು. ಇದ್ದದ್ದನ್ನು ಬರೆಯಬೇಕು.

ಕಾವಲಿನ ಸುದ್ದಿ. ಅನಂತರಾಜು ಮಾತು ಉಳಿಸಿಕೊಂಡರು. ಮಾರ್ಚಿಯಲ್ಲಿ ಜೆಸಿಬಿ ತರಿಸಿ ಕಟ್ಟೆಯ ಹೂಳೆತ್ತಿಸಿದರು. ಹೂಳನ್ನು ರೈತರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಹೊಲಕ್ಕೆ ಹಾಕಿಕೊಂಡರು. ಕಾವಲಿಗೆ ಅಂಟಿದ ತಮ್ಮ ತೋಟದ ಬೋರನ್ನೂ ನಿಲ್ಲಿಸಿದ್ದಾರೆ. ಅದು ಹೇಗೂ ಗಾಳಿ ಕಕ್ಕುತ್ತಿತ್ತು ಎಂದು ಅವರೇ ನಕ್ಕರು. ಆ ಕಡೆಯ ತೆಂಗು ಸೊರಗುತ್ತಿದೆ, ಅದನ್ನು ತೆಗೆದು ಅಲ್ಲಿ ಹುಣಸೆ ಹಾಕುತ್ತಾರಂತೆ. ಮೇ ತಿಂಗಳ ಮಳೆಗೆ ಕಟ್ಟೆಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿತು, ವಾರದಲ್ಲಿ ಇಂಗಿತು. ಇಂಗಿದ್ದೇ ಒಳ್ಳೆಯದು ಎಂದು ಲಕ್ಷ್ಮೀಕಾಂತ್ ಖುಷಿಪಟ್ಟ. ಹಳೆಯ ಬೋರಿನಲ್ಲಿ ನೀರು ಕಾಣಲು ಇನ್ನೂ ಕೆಲವು ಒಳ್ಳೆಯ ಮಳೆಗಾಲ ಬೇಕು ಎಂದ.

ತಗ್ಗಿನ ಮರಗಳಲ್ಲಿ ಹೆಚ್ಚಿನವು ಹೋದವು. ಮಾರ್ಚಿ ಗಾಳಿಗೆ ಒಂದು ಒಣ ಕೊಂಬೆ ಮುರಿದು ಬಿದ್ದು ಅಡವಿಯಪ್ಪನ ಆಡು ಸತ್ತಿತು. ಗುಡಿಗೆ ಬರುವ ಜನರ ಮೇಲೆ ಬಿದ್ದರೆ ಗತಿಯೇನು ಎಂದು ದಾರಿಯ ಪಕ್ಕದವನ್ನು ಕಡಿಸಿದರು. ಈ ಸಲ ನಾನು ಅಡ್ಡ ಬರಲಿಲ್ಲ. ಪಟ್ಟಿಗಳನ್ನು ಬಿಚ್ಚಿಕೊಡಿ ಎಂದಷ್ಟೇ ಕೇಳಿದೆ. ದೊಡ್ಡ ಹೊಳೆಮತ್ತಿ ಬಿದ್ದಾಗ ಗುಡಿಯ ಕಟ್ಟೆಯ ಮೇಲಿದ್ದ ನಿನ್ನ ಮಾವನ ಕೈಯಲ್ಲಿದ್ದ ಪೇಪರು ಅದುರಿತಂತೆ. ಒಳಗಿನವನ್ನು ಹಾಗೇ ಬಿಟ್ಟಿದ್ದಾರೆ, ಮರಕುಟಿಗ, ಗಿಳಿ ಗೂಡು ಮಾಡಿವೆ. ಒಂದು ಹೊಳೆಮತ್ತಿ, ಎರಡು ನೇರಳೆ ಮಾತ್ರ ಬುಡದಲ್ಲಿ ಚಿಗುರು ತೋರಿಸಿವೆ. ಮರವಾಗುತ್ತವೋ ಇಲ್ಲವೋ ಈಗಲೇ ಹೇಳಲು ಬರುವುದಿಲ್ಲ. ಆಡು ತಿನ್ನದಂತೆ ಅಡವಿಯಪ್ಪ ಸುತ್ತ ಮುಳ್ಳು ಹಾಕಿದ್ದಾನೆ. ಮೇಲಿನ ಇಳಿಜಾರು ಎಂದಿನಂತೆ ಹಸಿರಾಗಿದೆ.

ಜೂನ್ ಕೊನೆಗೆ ನೀವಿಬ್ಬರೂ ಬರುತ್ತೀರಿ ಎಂದು ಬರೆದಿದ್ದೀಯ. ಬನ್ನಿ. ಮುಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಬಸವರಾಜ್‌ಗೆ ಮುದ್ದೆ ರೂಢಿ ಇದೆಯೋ ಇಲ್ಲವೋ ತಿಳಿಸು. ಸುಖವಾಗಿರಿ, ನೂರು ಕಾಲ ಒಬ್ಬರಿಗೊಬ್ಬರು ಆಸರೆಯಾಗಿರಿ.

ಇತಿ ನಿನ್ನ ಅತ್ತೆ,
ಕರಿಬಸಮ್ಮ

ಮ. ಬಿ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ನೀವು ಕಾವಲಿಗೆ ಹೋಗುವ ಮೊದಲು ನಿನಗೆ ಇದು ಗೊತ್ತಿರಬೇಕು. ಅಶ್ವಥ್ ಇಲ್ಲ ಎನ್ನುವುದು ಅಡವಿಯಪ್ಪನಿಗೆ ಗೊತ್ತಿಲ್ಲ. ನಾನು ಮೊದಲ ಸಲ ಹೋದಾಗ, "ಸಾರು ಬರ್ನಿಲ್ವಾ?" ಎಂದು ಕೇಳಿದ. ಊರಲ್ಲಿಲ್ಲ ಎಂದುಬಿಟ್ಟೆ, ಬಾಯಿಗೆ ಅದೇ ಬಂತು. ಅಲ್ಲಿಂದ ಪ್ರತಿ ತಿಂಗಳೂ ಕೇಳುತ್ತಾನೆ. ಒಮ್ಮೆ ಡೆಹ್ರಾಡೂನ್ ಎಂದೆ, ಈಗ ನಿನ್ನ ಜೊತೆ ಅರುಣಾಚಲದಲ್ಲಿದ್ದಾನೆ ಎಂದು ಹೇಳಿದ್ದೇನೆ. ಆ ಮಾತು ಬಂದ ಕೂಡಲೇ ನಿನ್ನ ಮಾವ ಪೇಪರ್ ಮಡಿಸಿಕೊಂಡು ಸ್ಕೂಟರಿನ ಕಡೆ ಹೋಗಿಬಿಡುತ್ತಾರೆ. ಅನಂತರಾಜುಗೆ ಗೊತ್ತು, ಹೇಳಬೇಡಿ ಎಂದು ನಾನೇ ಕೈಮುಗಿದಿದ್ದೆ. ನನಗೆ ಬುದ್ಧಿ ಕೆಟ್ಟಿಲ್ಲ ಇಂಪನಾ. ಆದರೆ ನನ್ನ ಮಗ ಯಾವಾಗ ಬರುತ್ತಾನೆ ಎಂದು ಕೇಳುವ ಮನುಷ್ಯ ಈ ಲೋಕದಲ್ಲಿ ಅವನೊಬ್ಬನೇ ಉಳಿದಿರುವುದು. ಮರ ಕಡಿದ ದಿನ ಅವನು, "ಸಾರು ಬಂದ್ರೆ ಬೈತಾರೆ ಅಮ್ಮಾರೆ. ನಂದೇನೂ ತಪ್ಪಿಲ್ಲ ಅಂತ ನೀವೇ ಒಂದ್ ಮಾತ್ ಹೇಳ್ಬೇಕು" ಎಂದ. ಹೇಳ್ತೀನಿ ಬಿಡಪ್ಪ ಎಂದೆ. ನೀನು ಬಂದಾಗ ಅವನಿಗೆ ನೀನೇ ಹೇಳು. ನಾನು ಇಳಿಜಾರಿನಲ್ಲಿ ಅಳತೆ ತೆಗೆಯುತ್ತಿರುತ್ತೇನೆ. ಹೇಳಿದ ಮೇಲೆ ನನ್ನನ್ನು ಕರೆಯಬೇಡ, ನಾನೇ ಇಳಿದು ಬರುತ್ತೇನೆ.